ಹಿಮದ ಹಾದಿಯಲ್ಲೊಂದು ಛತ್ರ

ಆಲ್ಪ್ಸ್ ಪರ್ವತಗಳ ಹೆಸರೆತ್ತಿದರೆ ಸಾಕು, ಸಿರಿವಂತರು ಹಿಮದ ಮೇಲೆ ಜಾರಿ ನಲಿಯುವ ಚಿತ್ರವೇ ನಮ್ಮ ಕಣ್ಮುಂದೆ ನಿಲ್ಲುತ್ತದೆ. ಆದರೆ ಆ ಹಿಮಕ್ಕೆ ಜನ ಅಂಜುತ್ತಿದ್ದ ಕಾಲವೂ ಒಂದಿತ್ತು. ಆಸ್ಟ್ರಿಯಾದ ಆರ್ಲ್‌ಬರ್ಗ್ ಪ್ರದೇಶದ ಚರಿತ್ರೆಯನ್ನು ಓದುವಾಗಲೆಲ್ಲ ನನ್ನ ಮನಸ್ಸು ಮೊದಲು ಹರಿಯುವುದು ಆ ಕಾಲದತ್ತಲೇ.

ಟಿರೋಲ್ ಮತ್ತು ಫೋರಾರ್ಲ್‌ಬರ್ಗ್ ಪ್ರಾಂತಗಳ ನಡುವೆ, ಸುಮಾರು 1,800 ಮೀಟರ್ ಎತ್ತರದಲ್ಲಿ, ಒಂದು ಘಟ್ಟದ ದಾರಿಯಿದೆ. ವರ್ತಕರೂ ಯಾತ್ರಿಕರೂ ಅದನ್ನು ದಾಟಲೇಬೇಕಿತ್ತು; ಹಿಮಗಾಳಿಗೆ ಸಿಕ್ಕಿದವರು ಅಲ್ಲಿಯೇ ಮಡಿಯುತ್ತಿದ್ದರು. ಅದನ್ನು ಕಂಡು ಮರುಗಿದವನು ಹೈನ್ರಿಶ್ ಫಿಂಡೆಲ್‌ಕಿಂಡ್ ಎಂಬ ಬಡ ಪಶುಪಾಲಕ. ಆ ಹೆಸರಿನ ಅರ್ಥವೇ ‘ಯಾರಿಗೋ ಸಿಕ್ಕ ಕೂಸು’ ಎಂದು. ಅಂಥ ಅನಾಥನು ತಾನು ಕೂಡಿಟ್ಟ ಅಲ್ಪ ಹಣವನ್ನೇ ಮೂಲಧನವಾಗಿಟ್ಟು, 1386ರಲ್ಲಿ ಸಂತ ಕ್ರಿಸ್ಟೋಫ್ ಎಂಬಲ್ಲಿ ದಾರಿಹೋಕರಿಗಾಗಿ ಛತ್ರ ಕಟ್ಟಲು ತೊಡಗಿದ. ಹಿಮದಲ್ಲಿ ದಾರಿ ತಪ್ಪಿದವರನ್ನು ಹುಡುಕಿ ಕರೆತರುವುದೇ ಅಲ್ಲಿನ ವ್ರತವಾಯಿತು. ಅದರ ಬೆಂಬಲಕ್ಕೆ ಹುಟ್ಟಿದ ಸಹೋದರ ಸಂಘ ಇಂದಿಗೂ ಬಡವರಿಗೆ ನೆರವಾಗುತ್ತಿದೆ.

1884ರಲ್ಲಿ ಘಟ್ಟದ ಅಡಿಯಲ್ಲಿ 10 ಕಿಲೋಮೀಟರಿಗೂ ಮಿಕ್ಕ ಸುರಂಗದೊಳಗೆ ರೈಲು ಓಡಿತು. ಮೇಲಿನ ದಾರಿಯನ್ನು ನಂಬಿದ್ದ ಊರುಗಳ ಬದುಕು ಸೊರಗಿತು. ಆದರೆ ಅದೇ ರೈಲು ಬೇರೊಂದು ಬಗೆಯ ಅತಿಥಿಗಳನ್ನು ತಂದಿತು. 1901ರ ಜನವರಿ 3ರಂದು ಸಂತ ಕ್ರಿಸ್ಟೋಫ್‌ನಲ್ಲಿಯೇ ಕೂಡಿದ ಕೆಲವು ಗೆಳೆಯರು ಆರ್ಲ್‌ಬರ್ಗ್ ಸ್ಕೀ ಕ್ಲಬ್ಬನ್ನು ಸ್ಥಾಪಿಸಿದರು.

ಈ ಆಟಕ್ಕೆ ವ್ಯಾಕರಣ ಬರೆದವನೆಂದರೆ ಹಾನೆಸ್ ಶ್ನೈಡರ್. ಸಮೀಪದ ಸ್ಟೂಬೆನ್ ಹಳ್ಳಿಯಲ್ಲಿ 1890ರಲ್ಲಿ ಹುಟ್ಟಿದ ಈತ 1907ರಲ್ಲಿ ಸಂತ ಆಂಟನ್ ಊರಿನಲ್ಲಿ ಶಿಕ್ಷಕನಾದ. ಮೊಳಕಾಲು ಮಡಿಸಿ ಮೈಯನ್ನು ಮುಂದಕ್ಕೆ ಬಾಗಿಸುವುದು, ಸ್ಕೀ ಹಲಗೆಗಳ ಹಿಂತುದಿಯನ್ನು ಅಗಲಿಸಿ ವೇಗ ತಡೆಯುವುದು, ಆಮೇಲೆ ತಿರುವುಗಳು—ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕಲಿಸಿದ. ಅಂಜುಬುರುಕನಿಗೂ ಇಳಿಜಾರಿಗೆ ಇಳಿಯುವ ಧೈರ್ಯ ಬಂದಿತು. 1930ರಲ್ಲಿ ಜಪಾನಿಗೂ ಹೋಗಿ ಈ ವಿದ್ಯೆಯನ್ನು ತೋರಿಸಿ ಬಂದ. ಆದರೆ 1938ರಲ್ಲಿ ನಾಟ್ಸಿಗಳು ಆಸ್ಟ್ರಿಯಾವನ್ನು ವಶಪಡಿಸಿಕೊಂಡಾಗ, ಅವರಿಗೆ ತಲೆಬಾಗದ ಶ್ನೈಡರ್ ಸೆರೆಯಾದ. ಮರುವರ್ಷ ಅಮೆರಿಕಕ್ಕೆ ವಲಸೆ ಹೋಗಿ, ಅಲ್ಲಿಯ ಬೆಟ್ಟಗಳಲ್ಲಿ ಪಾಠ ಮುಂದುವರಿಸಿ, 1955ರಲ್ಲಿ ಪರದೇಶದಲ್ಲಿಯೇ ಕಣ್ಣುಮುಚ್ಚಿದ.

ಇಂದು ಆರ್ಲ್‌ಬರ್ಗ್‌ನಲ್ಲಿ 300 ಕಿಲೋಮೀಟರಿಗೂ ಮಿಕ್ಕ ಜಾರುದಾರಿಗಳಿವೆ. ತಂತಿಹಾದಿಗಳು ಊರಿನಿಂದೂರನ್ನು ಬೆಸೆದಿವೆ. ಲೋಕದ ಜನ ಅಲ್ಲಿಗೆ ಮುಗಿಬೀಳುವುದು ಹಿಮದ ಸೊಬಗಿಗಾಗಿ ಎಂಬುದು ನಿಜ. ನನಗಾದರೋ ಅದರ ನಿಜವಾದ ಆಕರ್ಷಣೆ ಆ ಇಬ್ಬರು ಬಡ ಹಳ್ಳಿಗರಲ್ಲಿ ಕಾಣುತ್ತದೆ. ಒಬ್ಬ ಹಿಮದಲ್ಲಿ ಬಿದ್ದವರನ್ನು ಎತ್ತಿದ. ಇನ್ನೊಬ್ಬ ಬೀಳದಂತೆ ನಿಲ್ಲುವುದನ್ನು ಕಲಿಸಿದ. ಆ ಎತ್ತರದಲ್ಲಿ ನಲಿವು ನೆಲೆಸುವ ಮೊದಲು ಅಭಯ ನೆಲೆಸಬೇಕಾಯಿತು.