ಕೊತ್ತವಾಲ್ ಚಾವಡಿಯಿಂದ ಕೋಯಂಬೇಡಿಗೆ

ರಾಜ್ಯೋತ್ಸವದ ಹೊತ್ತಿಗೆ ಕನ್ನಡನಾಡಿನ ಬಹುಭಾಗದಲ್ಲಿ ಮುಂಗಾರು ಮುಗಿದು ಮುಂಜಾವಿನ ಚಳಿ ಕಾಲಿಡುತ್ತಿರುತ್ತದೆ. ಚೆನ್ನೈಯಲ್ಲಿರುವ ನಾವಾದರೋ ಅದೇ ದಿನ ಕೊಡೆ ಹಿಡಿದು ಸಭೆಗೆ ಬರಬೇಕು. ಈಶಾನ್ಯ ಮಾರುತದ ಮಳೆ ಇಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ನಮ್ಮ ಹಿರಿಯರು ಪಾತ್ರೆಪಡಗಗಳೊಡನೆ ಊರಿನ ಅಡಿಗೆಯ ಪಂಚಾಂಗವನ್ನೂ ಕಟ್ಟಿಕೊಂಡು ಬಂದರು. ಅದು ಇಲ್ಲಿಯ ಆಕಾಶಕ್ಕೆ ಹೊಂದಲಿಲ್ಲ.

ಅವರು ಬಂದುದಕ್ಕೆ ಕಾರಣ ಸ್ಪಷ್ಟವಾಗಿದೆ. 1953ರವರೆಗೆ ಬಳ್ಳಾರಿಗೂ, 1956ರವರೆಗೆ ದಕ್ಷಿಣ ಕನ್ನಡಕ್ಕೂ ಕೊಳ್ಳೇಗಾಲಕ್ಕೂ ಮದರಾಸೇ ರಾಜಧಾನಿ. ಓದಲು, ವಕೀಲಿಗೆ, ಸರಕಾರಿ ಕೆಲಸಕ್ಕೆ ಬಂದವರ ಬೆನ್ನಿಗೇ ಉಡುಪಿಯ ಕಡೆಯವರು ಹೋಟೆಲು ತೆರೆದರು. ಕಡಂದಲೆ ಕೃಷ್ಣರಾಯರು 1930ರ ದಶಕದ ಕೊನೆಯಲ್ಲಿ ರಾಯಪೇಟೆಯಲ್ಲಿ ಆರಂಭಿಸಿದ ವುಡ್‌ಲ್ಯಾಂಡ್ಸ್ ಎಲ್ಲರೂ ಬಲ್ಲ ಹೆಸರು. ಆದರೆ ಹೋಟೆಲಿನ ಇಡ್ಲಿಗೆ ಋತುವಿಲ್ಲ, ಅದು ಹನ್ನೆರಡು ತಿಂಗಳೂ ಒಂದೇ. ಕಾಲಕ್ಕೆ ತಕ್ಕಂತೆ ಬದಲಾಗುತ್ತಿದ್ದುದು ಮನೆಯ ಅಡಿಗೆ. ಅದರ ಚರಿತ್ರೆಯನ್ನು ಯಾರೂ ಬರೆದಿಡುವ ಗೋಜಿಗೆ ಹೋಗಲಿಲ್ಲ.

ಅಂದಿನ ಸಗಟು ಪೇಟೆ ಜಾರ್ಜ್ ಟೌನಿನ ಕೊತ್ತವಾಲ್ ಚಾವಡಿ, ಕನ್ಯಕಾಪರಮೇಶ್ವರಿ ದೇವಸ್ಥಾನದ ಜಾಗ. ತಮಿಳು ಬಾರದ ನಮ್ಮ ಹೆಣ್ಣುಮಕ್ಕಳಿಗೆ ತರಕಾರಿಯ ಬುಟ್ಟಿಯೇ ಬಾಲಬೋಧೆಯಾಯಿತು. ಅವರೆ ಅಲ್ಲಿ ಅವರೈ, ಸೋರೆ ಸುರೈ, ನುಗ್ಗೆ ಮುರುಂಗೈ. ಹಾಗಲಕ್ಕೆ ಪಾಗಲ್, ಹೀರೆಗೆ ಪೀರ್ಕು, ಹುಳಿಗೆ ಪುಳಿ, ಹೊನಗೊನ್ನೆಗೆ ಪೊನ್ನಾಂಗಣ್ಣಿ. ಹಳಗನ್ನಡದ ಪಕಾರ ನಮ್ಮಲ್ಲಿ ಹಕಾರವಾಯಿತು, ತಮಿಳು ಅದನ್ನು ಹಾಗೆಯೇ ಉಳಿಸಿಕೊಂಡಿತು ಎಂದು ಪಂಡಿತರು ಹೇಳುವ ಮಾತು ಸಂತೆಯಲ್ಲಿ ಕಿವಿಯಾರೆ ಕೇಳಿಸುತ್ತಿತ್ತು!

ಕಾಲಕ್ಕೆ ಸಿಕ್ಕಿದ್ದನ್ನು ಅಡಿಗೆಗೆ ತರುವ ವಿದ್ಯೆ ಕನ್ನಡಕ್ಕೆ ಹೊಸದೇನಲ್ಲ. ಸುಮಾರು 1025ರ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕಕ್ಕೂ ಸ್ಥಾನವಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ದಲ್ಲಿ ಬದನೆ, ಹಲಸು, ಬಾಳೆಗಳನ್ನು ಹಿಡಿದು ಎಷ್ಟೋ ಬಗೆಗಳನ್ನು ಹೇಳಿದ್ದಾನೆ. ಅಮೆರಿಕಾ ಖಂಡದಿಂದ ಬಂದ ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊಗಳ ಹಂಗು ಆ ಅಡಿಗೆಗೆ ಇರಲಿಲ್ಲ. ನಮಗೋ ಇಂದು ಟೊಮೇಟೊ ಬೆಲೆ ಏರಿದರೆ ಸಾರೇ ನಿಂತುಹೋದಂತೆ ಗಾಬರಿ.

ಮದರಾಸಿನಲ್ಲಿ ಕಷ್ಟಕೊಟ್ಟದ್ದು ಆಷಾಢ. ಕರಾವಳಿಯಲ್ಲಿ ಆಟಿಯ ಮಳೆಗೆ ಕೆಸುವಿನೆಲೆ ಅಂಗೈಯಗಲ ಬಿಟ್ಟು ಮನೆಮನೆಯಲ್ಲೂ ಪತ್ರೊಡೆ ಬೇಯುವಾಗ, ಇಲ್ಲಿ ಬೇಸಗೆಯ ಬಾಲ ಇನ್ನೂ ಉಳಿದಿರುತ್ತದೆ. ಒಳ್ಳೆಯ ಎಲೆಗೆ ದೀಪಾವಳಿಯ ಮಳೆಯನ್ನು ಕಾಯಬೇಕು. ಹೀಗೆ ಕೆಲವು ಮನೆಗಳಲ್ಲಿ ಪತ್ರೊಡೆ ಆಷಾಢವನ್ನು ಬಿಟ್ಟು ಕಾರ್ತಿಕಕ್ಕೆ ನಡೆದುಬಂತು. ಅಜ್ಜಿಯಂದಿರಿಗೆ ಇದು ಒಪ್ಪಿಗೆಯಾಗಲಿಲ್ಲ. ತಿಂಗಳು ತಪ್ಪಿದ ತಿಂಡಿಗೆ ರುಚಿಯಿಲ್ಲವೆಂದು ಗೊಣಗುತ್ತಲೇ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದರು. ಯುಗಾದಿಯಲ್ಲಿ ಮಾತ್ರ ಲೆಕ್ಕ ಸರಿಹೊಂದುತ್ತಿತ್ತು. ಬೇವಿನ ಹೂವಿಗೆ ಈ ಊರಿನಲ್ಲಿ ಬರವಿಲ್ಲ, ತಮಿಳರಿಗೂ ಅದು ವರ್ಷಾರಂಭದ ಹೂವೇ. ಸಂಕ್ರಾಂತಿಯ ಅವರೆಯೂ ಪೊಂಗಲಿನ ಮೊಚ್ಚೈಯೂ ಒಂದೇ ಹೊತ್ತಿಗೆ ಬರುತ್ತವೆ. ಹಳೆಯ ಮೈಸೂರಿನವರು ಹಿತಕಿದ ಬೇಳೆಗೆ ಕುಳಿತರೆಂದರೆ ಆ ದಿನ ಮನೆಯಲ್ಲಿ ಬೇರೆ ಕೆಲಸ ನಡೆಯದು.

1996ರಲ್ಲಿ ಪೇಟೆ ಕೋಯಂಬೇಡಿಗೆ ಹೋಯಿತು. ಮದರಾಸು ಚೆನ್ನೈಯಾದುದೂ ಅದೇ ವರ್ಷ. ಸುಮಾರು 295 ಎಕರೆಯ ಆವರಣ. ಕೋಲಾರ, ಮಾಲೂರು, ಹೊಸೂರುಗಳ ಕಡೆಯಿಂದ ಲಾರಿಗಳು ರಾತ್ರಿಯೆಲ್ಲ ಬಂದು ಇಳಿಸುತ್ತವೆ. ನಮ್ಮ ನಾಡಿನ ಹೊಲ ನಮ್ಮ ಹಿಂದೆಯೇ ಬಂದಂತಾಯಿತು, ನಿಜ. ಆದರೆ ಎಲ್ಲವೂ ಎಲ್ಲ ಕಾಲಕ್ಕೂ ಸಿಗತೊಡಗಿ, ಯಾವುದಕ್ಕೆ ಯಾವ ತಿಂಗಳು ಎಂಬುದು ನಮ್ಮ ಮಕ್ಕಳಿಗೆ ತಿಳಿಯದಾಯಿತು. ಪೇಟೆಯನ್ನು ದೂರುವುದು ನ್ಯಾಯವಲ್ಲ. ಕೇಳುವ ಕಿವಿಗೆ ಅದು ಋತುವನ್ನು ಹೇಳಿಯೇ ಹೇಳುತ್ತದೆ. ಯಾವ ರಾಶಿ ದೊಡ್ಡದಾಗಿ, ಬೆಲೆ ಇಳಿದಿದೆಯೋ ಆ ತಿಂಗಳು ಅದರದು. ಬೀನ್ಸು ಕ್ಯಾರೆಟ್ಟೆಂದು ಚೀಟಿ ಬರೆದುಕೊಂಡೇ ಹೋಗುವ ನಮಗೆ ಅದು ಕೇಳಿಸುವುದಿಲ್ಲ.

2020ರ ಮೇ ಮೊದಲ ವಾರದಲ್ಲಿ ಕೊರೋನಾದಿಂದ ಕೋಯಂಬೇಡು ಮುಚ್ಚಿತು. ಸಗಟು ತರಕಾರಿ ತಿರುಮಳಿಶೈಗೆ ಹೋಯಿತು. ಪೇಟೆ ಮತ್ತೆ ತೆರೆದದ್ದು ಸೆಪ್ಟೆಂಬರಿನಲ್ಲಿ. ಆ ನಾಲ್ಕು ತಿಂಗಳು ನಾವು ಹಿತ್ತಿಲ ನುಗ್ಗೆಸೊಪ್ಪು, ತಾರಸಿಯ ಕುಂಡದ ದೊಡ್ಡಪತ್ರೆ, ಬಸಳೆಗಳನ್ನು ನೆಚ್ಚಿ ಉಂಡೆವು. ಹಿರಿಯರಿದ್ದ ಮನೆಯಲ್ಲಿ ಅದು ಊಟವಾಯಿತು. ಕೇಳುವವರಿಲ್ಲದ ಮನೆಯಲ್ಲಿ ಸೊಪ್ಪು ಕುಂಡದಲ್ಲೇ ಬಲಿತುಹೋಯಿತು. ಅದನ್ನು ಕಂಡಾಗಲೇ ನಮಗೆ ನಷ್ಟದ ಅಳತೆ ತಿಳಿದದ್ದು.

ಆದುದರಿಂದ ಒಂದನ್ನಾದರೂ ಇಲ್ಲಿ ಬರೆದಿಡುತ್ತೇವೆ. ಒಂದೆಲಗವನ್ನು ಕೋಯಂಬೇಡಿನಲ್ಲಿ ವಲ್ಲಾರೈ ಎಂದು ಕೇಳಬೇಕು. ಒಂದು ಹಿಡಿ ಎಲೆಯನ್ನು ಜೀರಿಗೆ, ನಾಲ್ಕು ಕಾಳುಮೆಣಸಿನೊಡನೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬಿ, ಕಡೆದ ಮಜ್ಜಿಗೆಯಲ್ಲಿ ಕಲಸಿ ಉಪ್ಪು ಹಾಕಿ, ಸಾಸಿವೆಯ ಒಗ್ಗರಣೆ ಕೊಟ್ಟರೆ ತಂಬುಳಿ. ಕುದಿಸಬಾರದು. ಕಟ್ಟಿನಲ್ಲಿ ಬೇರು ಬಿಟ್ಟ ಗಣ್ಣೊಂದು ಸಿಕ್ಕರೆ ಎಸೆಯದೆ ಕುಂಡದಲ್ಲಿ ಊರಿರಿ. ಈ ಮಳೆಗೇ ಹಬ್ಬಿಕೊಳ್ಳುತ್ತದೆ.