ಟ್ರಿಸ್ಟನ್ ಡ ಕೂನ್ಯಾ: ಕಡಲ ನಡುವಿನ ಊರಿನ ದುರಸ್ತಿ

ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿರುವ ಟ್ರಿಸ್ಟನ್ ಡ ಕೂನ್ಯಾ ಬ್ರಿಟನ್ನಿನ ಆಡಳಿತಕ್ಕೆ ಸೇರಿದ ಜ್ವಾಲಾಮುಖಿ ದ್ವೀಪ. ಎಡಿನ್‌ಬರ್ಗ್ ಆಫ್ ದ ಸೆವೆನ್ ಸೀಸ್ ಇಲ್ಲಿರುವ ಒಂದೇ ಊರು. ಜನಸಂಖ್ಯೆ ಇನ್ನೂರಕ್ಕಿಂತ ತುಸು ಹೆಚ್ಚು. ವಿಮಾನ ನಿಲ್ದಾಣವಿಲ್ಲ. ಸುಮಾರು 2,800 ಕಿ.ಮೀ. ದೂರದ ಕೇಪ್ ಟೌನ್‌ನಿಂದ ಹಡಗಿನಲ್ಲಿ ಬರಲು ಒಂದು ವಾರವೇ ಹಿಡಿಯುತ್ತದೆ. ಇಂಥ ಕಡೆ ಒಂದು ಚಾವಣಿ ಹಾರಿಹೋದರೂ ಅದನ್ನು ಸರಿಪಡಿಸುವುದು ಇಡೀ ಊರಿನ ಕೆಲಸವಾಗುತ್ತದೆ.

ಬಂದರು

ಸಿಮೆಂಟ್, ತಗಡು, ಡೀಸೆಲ್, ಔಷಧಿ ಎಲ್ಲವೂ ಬರಬೇಕಾದದ್ದು ಕಡಲಿನಿಂದಲೇ. 1961ರ ಅಕ್ಟೋಬರ್‌ನಲ್ಲಿ ಊರಿನ ಪಕ್ಕದಲ್ಲೇ ಜ್ವಾಲಾಮುಖಿ ಸಿಡಿದಾಗ ಅಷ್ಟೂ ಜನರನ್ನು ಇಂಗ್ಲೆಂಡಿಗೆ ಸಾಗಿಸಲಾಯಿತು. ಮೀನಿನ ಕಾರ್ಖಾನೆಯನ್ನೂ ದೋಣಿ ಇಳಿಸುತ್ತಿದ್ದ ಕಡಲತೀರವನ್ನೂ ಲಾವಾ ನುಂಗಿಹಾಕಿತು. ಊರಿಗೆ ಮರಳಬೇಕೇ ಎಂದು ಮತಕ್ಕೆ ಹಾಕಿದಾಗ 148 ಮಂದಿ ಹೌದೆಂದರು, ಬೇಡವೆಂದವರು ಐದೇ ಮಂದಿ. 1963ರಲ್ಲಿ ಬಹುತೇಕರು ಹಿಂದಿರುಗಿದರು. ಹೊಸ ಬಂದರು ಸಿದ್ಧವಾದದ್ದು 1967ರಲ್ಲಿ. ಇಂಗ್ಲೆಂಡಿನಲ್ಲಿ ತಮಗೆ ಆಸರೆಯಾಗಿದ್ದ ಕ್ಯಾಲ್ಶಾಟ್‌ನ ಹೆಸರನ್ನೇ ಅದಕ್ಕೆ ಇಟ್ಟರು.

ಬಂದರು ಚಿಕ್ಕದು. ಹಡಗು ದೂರದಲ್ಲೇ ಲಂಗರು ಹಾಕುತ್ತದೆ. ಸರಕನ್ನು ಸಣ್ಣ ದೋಣಿಗಳಿಗೆ ಇಳಿಸಿ ದಡಕ್ಕೆ ತರಬೇಕು. ಅಲೆ ಎದ್ದರೆ ಹಡಗು ಕಣ್ಣೆದುರೇ ನಿಂತಿದ್ದರೂ ಕೆಲಸ ಸಾಗದು. ಅಲೆಗಳ ಹೊಡೆತಕ್ಕೆ ಸವೆದ ಈ ಬಂದರನ್ನು ಭದ್ರಪಡಿಸಲು 2008ರಲ್ಲಿ ಬ್ರಿಟಿಷ್ ಸೇನೆಯ ಎಂಜಿನಿಯರುಗಳೇ ಬರಬೇಕಾಯಿತು.

ಮನೆಗಳು

ಹಳೆಯ ಮನೆಗಳ ಗೋಡೆಗೆ ದ್ವೀಪದಲ್ಲೇ ಸಿಗುವ ಮೆತ್ತನೆಯ ಜ್ವಾಲಾಮುಖಿ ಕಲ್ಲನ್ನು ಕಡಿದು ಬಳಸಲಾಗಿದೆ. ಗಾಳಿಗೆ ಜಗ್ಗದ ದಪ್ಪ ಗೋಡೆಗಳವು. ಮೇಲೆ ಹಿಂದೆ ನಾರುಗಿಡದ ಎಲೆಯ ಹೊದಿಕೆ ಇರುತ್ತಿತ್ತು, ಕ್ರಮೇಣ ಶೀಟುಗಳು ಬಂದವು. 2001ರ ಮೇ ತಿಂಗಳ ಚಂಡಮಾರುತ ಅನೇಕ ಚಾವಣಿಗಳನ್ನು ಕಿತ್ತೆಸೆಯಿತು. ದನಗಳು ಸತ್ತವು, ವಿದ್ಯುತ್ ಹೋಯಿತು. 2019ರ ಜುಲೈನಲ್ಲೂ ಮನೆಗಳಿಗೆ, ಸಾರ್ವಜನಿಕ ಕಟ್ಟಡಗಳಿಗೆ ಬಿರುಗಾಳಿಯಿಂದ ಹಾನಿಯಾಯಿತು. ಇಂಥ ಹೊತ್ತಿನಲ್ಲಿ ಮೊದಲು ಕೈಗೆ ಬರುವುದು ಊರಿನಲ್ಲಿರುವ ದಾಸ್ತಾನು ಮತ್ತು ನೆರೆಹೊರೆಯವರ ದುಡಿಮೆ. ಹೊರಗಿನ ನೆರವು ಹಡಗಿನ ವೇಗದಲ್ಲೇ ಬರಬೇಕು.

ರಸ್ತೆ

ಊರಿನಿಂದ ಆಲೂಗಡ್ಡೆ ಹೊಲಗಳಿಗೆ ಹೋಗುವುದೇ ಇಲ್ಲಿನ ಮುಖ್ಯ ರಸ್ತೆ. ಒಂದು ಕಡೆ ಕಡಿದಾದ ಬೆಟ್ಟ, ಇನ್ನೊಂದು ಕಡೆ ಸಮುದ್ರ. ಜೋರು ಮಳೆಗೆ ಬೆಟ್ಟದ ಹಳ್ಳಗಳು ಕಲ್ಲುಮಣ್ಣು ಹೊತ್ತು ತರುತ್ತವೆ. ಅದನ್ನು ತೆಗೆದು ದಾರಿ ಬಿಡಿಸುವ ಹೊಣೆ ದ್ವೀಪದ ಲೋಕೋಪಯೋಗಿ ಇಲಾಖೆಯದು. ಆಲೂಗಡ್ಡೆ ಇಲ್ಲಿಯವರ ಮುಖ್ಯ ಬೆಳೆ, ಹಾಗಾಗಿ ಈ ರಸ್ತೆ ಕೆಟ್ಟರೆ ಅದರ ಬಿಸಿ ಅಡುಗೆಮನೆಗೂ ತಟ್ಟುತ್ತದೆ.

ವಿದ್ಯುತ್ ಮತ್ತು ಆಸ್ಪತ್ರೆ

ದ್ವೀಪದ ದೊಡ್ಡ ಆದಾಯ ಕಲ್ಲುಸಿಗಡಿಯದು. 2008ರ ಫೆಬ್ರುವರಿಯಲ್ಲಿ ಅದರ ಸಂಸ್ಕರಣಾ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಊರಿಗೆ ವಿದ್ಯುತ್ ಕೊಡುತ್ತಿದ್ದ ಜನರೇಟರ್‌ಗಳೂ ಅಲ್ಲೇ ಇದ್ದವು. ದುಡಿಮೆಯೂ ಬೆಳಕೂ ಒಟ್ಟಿಗೇ ಹೋದವು. ಹೊಸ ಕಾರ್ಖಾನೆ ತೆರೆದದ್ದು 2009ರಲ್ಲಿ.

ಕ್ಯಾಮೊಗ್ಲಿ ಹೆಸರಿನ ಹೊಸ ಆರೋಗ್ಯ ಕೇಂದ್ರ 2017ರಲ್ಲಿ ಆರಂಭವಾಯಿತು. ಆದರೂ ದೊಡ್ಡ ಚಿಕಿತ್ಸೆಗೆ ಕೇಪ್ ಟೌನ್‌ಗೇ ಹೋಗಬೇಕು, ಅದೂ ಹಡಗಿನಲ್ಲೇ.

ಇಲ್ಲಿಂದ ತಿಳಿಯುವುದು

ಚಾವಣಿ, ವಿದ್ಯುತ್, ಚಿಕಿತ್ಸೆ, ಯಾವುದರ ಬೆನ್ನು ಹತ್ತಿದರೂ ದಾರಿ ಬಂದರಿಗೇ ಮುಟ್ಟುತ್ತದೆ. ದೂರದ ದ್ವೀಪಗಳಿಗೆ ನೆರವು ಕೊಡುವ ಸರ್ಕಾರಗಳು ಮೊದಲು ಗಟ್ಟಿ ಮಾಡಬೇಕಾದದ್ದು ಅದನ್ನೇ. ಅದರ ಜೊತೆಗೆ ಬಿಡಿಭಾಗಗಳ ದಾಸ್ತಾನೂ ಊರಿನಲ್ಲೇ ಪಳಗಿದ ಕೆಲಸಗಾರರೂ ಇರಬೇಕು. ಮರಳಿ ಬಂದು ಬಾಳುವ ಛಲ ಅಲ್ಲಿನ ಜನರಲ್ಲಿದೆ ಎಂಬುದಕ್ಕೆ ಆ 148 ಮತಗಳೇ ಸಾಕ್ಷಿ. ಆ ಛಲಕ್ಕೆ ತಕ್ಕ ಸಲಕರಣೆ ಒದಗಿಸುವುದು ಆಳುವವರ ಕರ್ತವ್ಯ.