ಸೂಲಗಿತ್ತಿಯೂ ರಿಜಿಸ್ಟರೂ

ಹೆರಿಗೆಯ ಕೋಣೆಯೊಳಗೆ ನಡೆದುದನ್ನು ಚರಿತ್ರಕಾರರು ಬರೆದಿಡಲಿಲ್ಲ. ಸೂಲಗಿತ್ತಿಯ ವಿದ್ಯೆಯು ಹಿರಿಯಳಿಂದ ಕಿರಿಯಳಿಗೆ ಕೈಯಿಂದ ಕೈಗೆ ಬಂದುದು. ಅದಕ್ಕೆ ಓಲೆಯೂ ಇಲ್ಲ, ಮೊಹರೂ ಇಲ್ಲ. ಆ ವೃತ್ತಿಯು ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯಲ್ಲಿ ಕಾಯಿದೆಯ ಪಟ್ಟಿಗೆ ಸೇರಿದ ಬಗೆಯು ತಿಳಿಯತಕ್ಕ ಸಂಗತಿಯಾಗಿದೆ.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಕೊಳ್ಳೇಗಾಲದ ಸೀಮೆಯು ಹನೂರಿನೊಡನೆ ಇಂಗ್ಲಿಷರ ವಶವಾಗಿ, ಮುಂದೆ ಮದರಾಸು ಅಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಒಳಪಟ್ಟಿತು. ನೆರೆಯ ಯಳಂದೂರಾದರೋ ಮೈಸೂರು ಸಂಸ್ಥಾನದಲ್ಲಿಯೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ನುಡಿ ಒಂದೇ, ಕೊಟ್ಟು ತಂದ ನಂಟು ಒಂದೇ. ಸರಕಾರ ಮಾತ್ರ ಎರಡು.

ಇಂಗ್ಲೆಂಡಿನಲ್ಲಿ ಸೂಲಗಿತ್ತಿಯರ ಕಾಯಿದೆಯು 1902ರಲ್ಲಿ ಹುಟ್ಟಿತು. ಮದರಾಸಿನಲ್ಲಿ ದಾದಿಯರ ಮತ್ತು ಸೂಲಗಿತ್ತಿಯರ ಕಾಯಿದೆಯು 1926ರಲ್ಲಿ ಬಂದಿತು. ಶಿಕ್ಷಣ ಪಡೆದು ಅರ್ಹಳಾದವಳ ಹೆಸರು ಕೌನ್ಸಿಲಿನ ರಿಜಿಸ್ಟರಿಗೆ ಏರತೊಡಗಿತು. ಕೊಳ್ಳೇಗಾಲವು ಆ ಕಾಯಿದೆಗೆ ಒಳಪಟ್ಟಿತು. ಯಳಂದೂರಿಗೆ ಅದು ತಾಕಲಿಲ್ಲ.

ಹೆಸರು ಬರೆಯಿಸಿದ ಮಾತ್ರಕ್ಕೆ ಪ್ರಾಣ ಉಳಿದೀತೇ ಎಂದು ಕೇಳಬಹುದು. 1847ರಲ್ಲಿ ವಿಯೆನ್ನಾ ನಗರದ ವೈದ್ಯ ಸೆಮ್ಮೆಲ್‌ವೈಸನು ಒಂದು ವಿಚಿತ್ರವನ್ನು ಕಂಡನು. ಸೂಲಗಿತ್ತಿಯರು ಹೆರಿಗೆ ಮಾಡಿಸುತ್ತಿದ್ದ ವಿಭಾಗಕ್ಕಿಂತ ವೈದ್ಯವಿದ್ಯಾರ್ಥಿಗಳ ವಿಭಾಗದಲ್ಲಿಯೇ ಬಾಣಂತಿಯರು ಜ್ವರದಿಂದ ಹೆಚ್ಚಾಗಿ ಸಾಯುತ್ತಿದ್ದರು. ಹೆಣ ಕೊಯ್ದ ಕೈಯಲ್ಲಿಯೇ ಅವರು ಹೆರಿಗೆಗೆ ಬರುತ್ತಿದ್ದರು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಿಸಿದೊಡನೆ ಸಾವು ಇಳಿಯಿತು. ಆದುದರಿಂದ ದೋಷವು ಸೂಲಗಿತ್ತಿಯ ಕುಲದ್ದಲ್ಲ, ಅಕ್ಷರದ ಕೊರತೆಯದೂ ಅಲ್ಲ, ತೊಳೆಯದ ಕೈಯದು. ಹೊಕ್ಕುಳ ಬಳ್ಳಿಯನ್ನು ಕೊಯ್ದ ಹೊಲಸು ಕುಡುಗೋಲು ಕೂಸಿಗೆ ಧನುರ್ವಾಯುವನ್ನು ತಂದುದೂ ಹೀಗೆಯೇ. ಶಿಕ್ಷಣವು ಈ ಶುಚಿಯನ್ನು ಕಲಿಸಿತು. ರಿಜಿಸ್ಟರು ಅದನ್ನು ಮೀರಿದವಳನ್ನು ಕೇಳುವವರುಂಟೆಂದು ತಿಳಿಸಿತು.

1956ರಲ್ಲಿ ಕೊಳ್ಳೇಗಾಲವು ಮೈಸೂರಿಗೆ ಕೂಡಿತು. ದಾದಿಯರ, ಸೂಲಗಿತ್ತಿಯರ ಮತ್ತು ಆರೋಗ್ಯಸಂದರ್ಶಕಿಯರ 1961ರ ಕಾಯಿದೆಯಿಂದ ಎರಡು ಸೀಮೆಗಳಿಗೂ ಒಂದೇ ಪಟ್ಟಿಯಾಯಿತು. 1997ರಲ್ಲಿ ಇವು ಚಾಮರಾಜನಗರ ಜಿಲ್ಲೆಗೆ ಸೇರಿದುವು.

ಆದರೂ ಕಾಡಿನ ದಾರಿಯನ್ನು ಕಾಯಿದೆಯು ಕಿರಿದುಮಾಡಲಾರದು. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಡಾಕ್ಟರ್ ಸುದರ್ಶನರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ಹೆಣ್ಣುಮಕ್ಕಳನ್ನೇ ಸಹಾಯಕ ದಾದಿ-ಸೂಲಗಿತ್ತಿಯರನ್ನಾಗಿ ತರಬೇತುಗೊಳಿಸಲು ಮುಂದಾಯಿತು. ಸೋಲಿಗಿತ್ತಿಯರು ಕುಕ್ಕರಗಾಲಿನಲ್ಲಿ ಕುಳಿತು ಹೆರುವುದು ರೂಢಿ. ಹೊರಗಿನಿಂದ ಬಂದವಳು ಅದನ್ನು ಅಜ್ಞಾನವೆಂದು ಬಗೆದಾಳು. ಆ ಹಾಡಿಯಲ್ಲಿಯೇ ಹುಟ್ಟಿ ಬೆಳೆದು ಕಲಿತವಳು ರೂಢಿಯ ಹಿತವನ್ನೂ ಅಪಾಯದ ಗುರುತನ್ನೂ ಒಟ್ಟಿಗೆ ಬಲ್ಲಳು.

ಹಳೆಯ ಸೂಲಗಿತ್ತಿಗೆ ಮಗು ಬದುಕಿದರೆ ಮೊರದಷ್ಟು ಅಕ್ಕಿ, ಸತ್ತರೆ ನಿಂದೆ. ಅವಳ ಪರವಾಗಿ ಆಡುವವರಿರಲಿಲ್ಲ. ರಿಜಿಸ್ಟರಿನ ಒಂದು ಸಾಲು ಅವಳ ಮೊಮ್ಮಗಳಿಗೆ ಹೊಣೆಯನ್ನು ಹೊರಿಸಿತು, ಹೆಸರನ್ನೂ ಕೊಟ್ಟಿತು. ಹೆಸರಿಲ್ಲದೆ ಹೋದ ಅಜ್ಜಿಯರ ಕೈಗಳಲ್ಲಿಯೇ ಈ ಸೀಮೆಯು ಹುಟ್ಟಿಬಂದುದೆಂಬುದನ್ನು ಮಾತ್ರ ಮರೆಯಲಾಗದು.